ಹನ್ನೆರಡನೇ ನಂಬರಿನ ಜರ್ಸಿ

ಆ ದಿನ ಬೆಳಿಗ್ಗೆ ಮಂಡ್ಯದಲ್ಲಿ ಎಂಥಾ ಮಂಜು ಎಂದರೆ... ಕೋರ್ಟಿನ ಈ ಬದಿಯಲ್ಲಿ ನಿಂತರೆ ಆಚೆ ಬದಿಯ ರಿಂಗ್ ಕಾಣುತ್ತಿರಲಿಲ್ಲ.

ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಫೈನಲ್. ಕೋಚ್ ನಾನು. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ದೇವರ ಹತ್ತಿರ ಒಂದೇ ಒಂದನ್ನು ಕೇಳಿ ಬಂದಿದ್ದೆ... ಗೆಲುವು.

ನಾನು ಬರುವ ಹೊತ್ತಿಗೆ ರಾಜಮಣಿ ಗೋಣಿಚೀಲ ಹಿಡಿದು ಸಿಮೆಂಟ್ ನೆಲದ ಇಬ್ಬನಿ ಒರೆಸುತ್ತಿದ್ದಳು.

ಮೂರು ವರ್ಷದಿಂದ ಟೀಮಿನಲ್ಲಿದ್ದಳು. ಹಳ್ಳಿಯಿಂದ ಮೊದಲ ಬಸ್ಸಿಗೇ ಬಂದು ಬಾಲಿಗೆ ಗಾಳಿ ತುಂಬುವಳು, ಗೆರೆಗೆ ಸುಣ್ಣ ಹಾಕುವಳು. ಆಟ ಮಾತ್ರ ಸುಮಾರು... ಒಂದು ಮ್ಯಾಚಿನಲ್ಲೂ ನಾನು ಅವಳನ್ನು ಇಳಿಸಿರಲಿಲ್ಲ.

ಹನ್ನೆರಡನೇ ನಂಬರಿನ ಜರ್ಸಿ ಅವಳದು. ಟೀಮಿನಲ್ಲಿ ಹನ್ನೆರಡು ಜನಕ್ಕೇ ಜಾಗ.

ಹಿಂದಿನ ವಾರವಷ್ಟೇ ಮೈಸೂರಿನಿಂದ ಶರ್ಮಿಳಾ ಎಂಬ ಹುಡುಗಿ ನಮ್ಮ ಕಾಲೇಜಿಗೆ ಸೇರಿದ್ದಳು. ಒಳ್ಳೇ ಆಟಗಾರ್ತಿ.

"ರಾಜಮಣಿ, ಆ ಜರ್ಸಿ ಬಿಚ್ಚಿ ಶರ್ಮಿಳಾಗೆ ಕೊಡು" ಎಂದೆ.

ಅವಳ ಕೈಯಿಂದ ಗೋಣಿಚೀಲ ಜಾರಿತು.

"ಸಾ... ಇದೊಂದ್ ಮ್ಯಾಚು ಹಾಕ್ಕಂಡ್ ಸುಮ್ನೆ ಕುಂತ್ಕತೀನಿ ಸಾ. ನಮ್ಮವ್ವ ನೋಡಕ್ಕೆ ಬಂದವ್ಳೆ."

"ನಿಮ್ಮವ್ವನಿಗೆ ಷೋ ತೋರ್ಸಕ್ಕಾ ನಾನು ಟೀಮ್ ಕಟ್ಟಿರೋದು?"

ಹುಡುಗಿಯರು ನಕ್ಕರು. ನಗಲಿ ಎಂದೇ ನಾನೂ ಹಾಗೆ ಹೇಳಿದ್ದೆ.

ಅವಳು ಅಲ್ಲೇ ಜರ್ಸಿ ಬಿಚ್ಚಿ ಕೊಟ್ಟಳು. ಒಳಗಿದ್ದ ಹಳೇ ಟೀ ಶರ್ಟಿನಲ್ಲಿ, ಆ ಚಳಿಯಲ್ಲಿ ನಡುಗುತ್ತಾ ನಿಂತಳು.

ಗೆದ್ದೆವು. ಶರ್ಮಿಳಾ ಒಬ್ಬಳೇ ಇಪ್ಪತ್ತೆರಡು ಪಾಯಿಂಟ್ ಹಾಕಿದಳು. ಕಾಲೇಜಿಗೆ ಕಪ್, ನನಗೆ ಬೆಸ್ಟ್ ಕೋಚ್ ಶೀಲ್ಡು...

ಮೆಟ್ಟಿಲ ಮೇಲೆ ಬೇಯಿಸಿದ ಕಡ್ಲೇಕಾಯಿ ಗಂಟು ಇಟ್ಟುಕೊಂಡು ಕೂತಿದ್ದ ರಾಜಮಣಿಯ ಅವ್ವ ಅವಳನ್ನು ಕೇಳುತ್ತಿದ್ದಳು.

"ನೀನ್ ಆಡೋದ್ ಯಾವಾಗವ್ವ?"

"ಆಗ್ಲೇ ಆಡ್ದೆ ಕಣವ್ವ. ಮಂಜಲ್ಲಿ ನಿಂಗೆ ಕಾಣ್ನಿಲ್ಲ."

ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ತಮಾಷೆಯಾಗಿ ಹೇಳಿ ಎಲ್ಲರನ್ನೂ ನಗಿಸಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ದೇವರು ನನ್ನನ್ನು ಕ್ಷಮಿಸುತ್ತಿದ್ದನೋ ಏನೋ...

ಕಾಲೇಜು ಬಿಡುವಾಗ 'ನೋ ಡ್ಯೂ' ಫಾರಂ ಎಂದು ಒಂದಿರುತ್ತದೆ. ಲೈಬ್ರರಿ, ಲ್ಯಾಬ್, ಕ್ರೀಡಾ ವಿಭಾಗ... ಎಲ್ಲರೂ ಬಾಕಿ ಇಲ್ಲವೆಂದು ಸೈನ್ ಹಾಕಿದರೆ ಮಾತ್ರ ಟಿ.ಸಿ. ಸಿಗುವುದು.

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ರಾಜಮಣಿ ನನ್ನ ಸೈನಿಗೆ ಫಾರಂ ತಂದಳು. ಪಿ.ಟಿ. ಟೀಚರ್ ಆಗುವ ಕೋರ್ಸಿಗೆ ಸೀಟು ಸಿಕ್ಕಿತ್ತು. ಅಲ್ಲಿಗೆ ಟಿ.ಸಿ. ಕೊಡಲು ಮರುದಿನವೇ ಕಡೇ ದಿನ.

"ಹನ್ನೆರಡನೇ ಜರ್ಸಿ ಎಲ್ಲಿ?" ಎಂದೆ.

"ನೀವೇ ಇಸ್ಕಂಡ್ರಲ್ಲ ಸಾ. ಶರ್ಮಿಳಾಗೆ."

"ಜರ್ಸಿ ಕೊಟ್ಟ ಪುಸ್ತಕದಲ್ಲಿ ಯಾರ ಸೈನ್ ಐತೆ?"

"ನಂದೇ ಸಾ... ಹೊಸದು ಹೊಲಿಸ್ಕೊಡ್ತೀನಿ ಸಾ."

"ಹೊಸದು ಬೇಡ. ಅದೇ ಬೇಕು."

ಶರ್ಮಿಳಾಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವಳು ರಾಜ್ಯ ತಂಡಕ್ಕೆ ಹೋಗುವ ಹುಡುಗಿ... ಒಂದು ಬಟ್ಟೆಗೋಸ್ಕರ ಅವಳ ಮನಸ್ಸು ಕೆಡಿಸುವುದೇ?

ಸಂಜೆವರೆಗೂ ರಾಜಮಣಿ ನನ್ನ ರೂಮಿನ ಹೊರಗೆ ನಿಂತಿದ್ದಳು. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ.

ಸೀಟು ಹೋಯಿತು. ಆ ವರ್ಷವೇ ಅವಳ ಮದುವೆ ಮಾಡಿದರಂತೆ.

ಹತ್ತೊಂಬತ್ತು ವರ್ಷ ಕಳೆಯಿತು. ನಾನು ರಿಟೈರ್ ಆದೆ.

ಈ ಸಲ ಆಯುಧಪೂಜೆಗೆ ಮನೆ ಸಾರಿಸುವಾಗ ನನ್ನಾಕೆ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದಳು. "ನೋಡಿ, ನಿಮ್ಮ ಶೀಲ್ಡು" ಎಂದಳು.

ಅದಕ್ಕೆ ಬಟ್ಟೆ ಸುತ್ತಿತ್ತು. ದಾರಿಯಲ್ಲಿ ಗೀರು ಬೀಳದಿರಲಿ ಎಂದು ಆವತ್ತು ಫೈನಲ್ ಮುಗಿದ ಮೇಲೆ ಹುಡುಗಿಯರ ಕಿಟ್ ಬ್ಯಾಗಿನಿಂದ ಕೈಗೆ ಸಿಕ್ಕ ಬಟ್ಟೆ ತೆಗೆದು ನಾನೇ ಸುತ್ತಿದ್ದೆ.

ಬಿಚ್ಚಿದೆ... ಹನ್ನೆರಡನೇ ನಂಬರು.

ಆ ದಿನ ದೇವರ ಮನೆಗೆ ಹೋಗಲು ನನಗೆ ಕಾಲು ಬರಲಿಲ್ಲ.

ಹುಡುಕಿಕೊಂಡು ಹೋದೆ. ಮದ್ದೂರಿನ ಹತ್ತಿರ ಒಂದು ಸರ್ಕಾರಿ ಹೈಸ್ಕೂಲು. ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ವಿಷಲ್ ಊದುತ್ತಿದ್ದರು.

ರಾಜಮಣಿ ಅಲ್ಲಿದ್ದಳು... ಅಡುಗೆ ಕೋಣೆಯಲ್ಲಿ. ಬಿಸಿಯೂಟದ ಸಾರಿನ ಬಕೆಟ್ ಎತ್ತಿಡುತ್ತಿದ್ದಳು.

"ಕೋಚ್ ಸಾ ಅಲ್ವಾ... ಬನ್ನಿ, ಊಟ ಮಾಡಿ" ಎಂದಳು.

ಜರ್ಸಿ ಅವಳ ಕೈಗಿಟ್ಟೆ. ಎಲ್ಲಿ ಸಿಕ್ಕಿತೆಂದು ಹೇಳಿದೆ. ಕಣ್ಣೀರು ಬಂತು.

"ಇದು ನಿಂದು ಕಣವ್ವ. ಇಟ್ಕೋ."

ಅವಳು ಅಳಲಿಲ್ಲ, ಬಯ್ಯಲೂ ಇಲ್ಲ.

ಸೆರಗಿಗೆ ಕೈ ಒರೆಸಿಕೊಂಡು ಜರ್ಸಿಯನ್ನು ಬಿಡಿಸಿದಳು. ನಂಬರಿನ ಮೇಲೆ ಒಮ್ಮೆ ಕೈಯಾಡಿಸಿದಳು. ಹೊಲಿಗೆಗೆ ಹೊಲಿಗೆ ಸೇರಿಸಿ ನೀಟಾಗಿ ಮಡಚಿದಳು...

ಮತ್ತೆ ನನ್ನ ಕೈಗೇ ಇಟ್ಟಳು.

"ತಕಳಿ ಸಾ. ಅದೇ ಬೇಕು ಅಂದಿದ್ರಲ್ಲ. ನಾನು ವಾಪಸ್ ಕೊಟ್ಟೆ ಅಂತ ಪುಸ್ತಕದಲ್ಲಿ ಬರ್ಕಳಿ."

ಬಕೆಟ್ ಎತ್ತಿಕೊಂಡು ಮಕ್ಕಳಿಗೆ ಬಡಿಸಲು ಹೋದಳು.

*

ನಮ್ಮ ಗೆಲುವಿಗೆ ಸುತ್ತಿದ ಬಟ್ಟೆ ಯಾರ ಮೈಯಿಂದ ಬಿಚ್ಚಿದ್ದೆಂದು ದೇವರಿಗೆ ಗೊತ್ತಿರುತ್ತದೆ.

ನಿಮ್ಮ ಒಂದು ಸೈನಿಗಾಗಿ ಬಾಗಿಲ ಹೊರಗೆ ಯಾರಾದರೂ ಇನ್ನೂ ನಿಂತಿದ್ದಾರೆಯೇ... ಈಗಲೇ ಎದ್ದು ಒಮ್ಮೆ ನೋಡುತ್ತೀರಾ?