ಕೊಳ್ಳದ ಫೋನಿನ ಜಗಳ

ಬುಧವಾರ ಸಂಜೆ ಚೆಲುವರಾಜು ಬಚ್ಚಲ ಬಾಗಿಲು ಹಾಕಿಕೊಂಡು ನೀರು ಬಿಟ್ಟ ಸದ್ದು ಕೇಳಿದ ಮೇಲೆ, ನಿರುಪಮಾ ಗಂಡನ ಫೋನನ್ನು ಕೈಗೆತ್ತಿಕೊಂಡಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಕದ್ದು ನೋಡಿದವಳಲ್ಲ. ಈಗಲೂ ಹುಡುಕಿದ್ದು ಹೆಂಗಸಿನ ಹೆಸರನ್ನಲ್ಲ. ಗೂಳಿಯನ್ನು.

ಗೂಳಿ ಅಂದರೆ ಕನ್ನಡಿಗರ ಫೋನು ಚರ್ಚೆಯ ಗುಂಪಿನಲ್ಲಿ ಬರೆಯುವ ಒಬ್ಬ ಆಸಾಮಿ. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುವುದಿಲ್ಲ. ಅವನ ಚಿತ್ರದ ಜಾಗದಲ್ಲಿ ಕನ್ನಡಕ ಹಾಕಿದ ಬೊಂಬೆ ಗೂಳಿ. ಎಮರಿವಿಲ್ ಊರಿನ ಸ್ಟುಡಿಯೋಗಳಲ್ಲಿ ಬೊಂಬೆ ಸಿನಿಮಾ ಮಾಡುವ ಹುಡುಗರಲ್ಲಿ ಯಾರೋ ಮಾಡಲು ಕೆಲಸವಿಲ್ಲದವನು ಇರಬೇಕೆಂದು ನಿರುಪಮಾಳ ಅಂದಾಜು. ಎರಡು ವರ್ಷದಿಂದ ಚೆಲುವರಾಜು ಅವನೊಡನೆ ಜಗಳಕ್ಕೆ ಬಿದ್ದಿದ್ದ. ಸ್ಯಾನ್ ಹೋಸೆಯ ಕೆಲಸ ಮುಗಿಸಿ, ಫ್ರೀವೇಯಲ್ಲಿ ಒಂದೂವರೆ ಗಂಟೆ ತೆವಳಿ ಗಿಲ್‌ರಾಯ್‌ನ ಮನೆ ಸೇರಿದವನು, ಶೂಸು ಕೂಡ ಬಿಚ್ಚದೆ ಸೋಫಾದ ಅಂಚಿನಲ್ಲಿ ಕೂರುವನು. ಮಡಚುವ ಫೋನು ಒಳ್ಳೆಯದೆಂದು ಗೂಳಿ ಬರೆದರೆ, ಮಡಚಿದ್ದೆಲ್ಲ ಒಂದು ದಿನ ಮುರಿಯುತ್ತದೆಂದು ಇವನು. ಮೂರು ಕ್ಯಾಮೆರಾ ಬೇಕೆಂದು ಅವನು. ನಿನಗಿರುವುದು ಒಂದೇ ಮುಖ ಎಂದು ಇವನು. ಇವನ ಕೈಯಲ್ಲಿದ್ದದ್ದೋ, ಮೂಲೆಗೆ ಟೇಪು ಸುತ್ತಿದ ಏಳು ವರ್ಷದ ಹಳೇ ಫೋನು.

"ತಗೊಳ್ಳಲ್ಲ ಅಂದ್ಮೇಲೆ ಯಾಕ್ರೀ ಈ ಜಗಳ?" ಎಂದು ಅವಳು ಒಮ್ಮೆ ಕೇಳಿದ್ದಳು.

"ತಗೊಳ್ಳೋನಾಗಿದ್ರೆ ತಗೊಂಡು ಸುಮ್ನಾಗ್ತಿದ್ದೆ ಕಣೇ."

ಈಗ ಪರದೆಯ ಮೇಲೆ ನಿನ್ನೆಯ ಜಗಳ ಹಾಗೇ ಇತ್ತು. 'ಕಲ್ಲಿನಷ್ಟು ಭಾರದ ಫೋನನ್ನು ಹೊಗಳಬೇಡ, ನಿನ್ನ ನೋವಿನ ಬಲಭುಜ ತಾಳೀತೇ?' ಎಂದು ಗೂಳಿ. 'ನನ್ನ ಭುಜದ ಚಿಂತೆ ನಿನಗೆ ಬೇಡ. ಮೊದಲು ಹೊತ್ತಿಗೆ ಸರಿಯಾಗಿ ಉಣ್ಣು' ಎಂದು ಇವನು. ಮನೆಯ ನೋವನ್ನೆಲ್ಲ ಊರ ಮುಂದೆ ಹರವಿಕೊಂಡಿದ್ದಾನಲ್ಲ ಎಂದು ಅವಳಿಗೆ ಮೈಯುರಿಯಿತು.

ಮಗಳು ನಿಸರ್ಗಾಳ ಮದುವೆಗೆ ಇಪ್ಪತ್ತಾರು ದಿನ ಉಳಿದಿತ್ತು. ಹನ್ನೆರಡು ಮೈಲಿ ದೂರದ ಮಾರ್ಗನ್ ಹಿಲ್‌ನಲ್ಲಿರುವ ಮೈದುನ ವೆಂಕಟೇಶನಿಗೆ ಇನ್ನೂ ಕರೆ ಹೋಗಿರಲಿಲ್ಲ. ಮೂರು ವರ್ಷದ ಹಿಂದೆ ವೆಂಕಟೇಶ ತನ್ನ ಗೃಹಪ್ರವೇಶಕ್ಕೆ ಅಣ್ಣನನ್ನು ವಾಟ್ಸಾಪಿನಲ್ಲಿ ಕರೆದಿದ್ದ. ಅವರ ಊರು ಮಂಡ್ಯದ ಕಡೆ ಹಾಗಲ್ಲ. ಮನೆಬಾಗಿಲಿಗೆ ಬಂದು, ಕುಂಕುಮ ಕೊಟ್ಟು, ಬಾಯಿತುಂಬ ಕರೆಯಬೇಕು. ಚೆಲುವರಾಜು ಹೋಗಲಿಲ್ಲ. 'ಒಡಹುಟ್ಟಿದೋನಿಗೂ ಕುಂಕುಮ ಹಿಡ್ಕಂಡ್ ಹೋಗ್ಬೇಕಾ' ಎಂದು ತಮ್ಮ ಅಂದ ಮಾತು ಯಾರ ಬಾಯಿಂದಲೋ ಬಂತು. ಅಂದಿನಿಂದ ಒಬ್ಬರ ಹೊಸಿಲು ಒಬ್ಬರು ತುಳಿದಿಲ್ಲ. ಚಿಕ್ಕಪ್ಪನಿಲ್ಲದೆ ಧಾರೆ ನಡೆದುಹೋದರೆ ಆ ಬಾಗಿಲು ಇನ್ನು ಈ ಜನ್ಮದಲ್ಲಿ ತೆರೆಯದು. ನಿರುಪಮಾಳನ್ನು ಸುಡುತ್ತಿದ್ದದ್ದು ಅದೊಂದೇ.

"ಈ ಭಾನುವಾರ ಹೋಗಿ ಕರೆದು ಬರೋಣ ರೀ" ಎಂದರೆ, "ನೋಡೋಣ" ಎನ್ನುವನು. ಹೆಬ್ಬೆರಳು ಮತ್ತೆ ಪರದೆಯ ಮೇಲೆ.

ಅತ್ತೆಯ ತಿಥಿಯ ದಿನ ಮಾತ್ರ ಅವನು ಫೋನು ಮುಟ್ಟಿರಲಿಲ್ಲ. ಮರುದಿನ ತೆರೆದು, ಹಿಂದಿನ ದಿನ ಗೂಳಿಯೂ ಒಂದಕ್ಷರ ಬರೆದಿಲ್ಲವೆಂದು ಕಂಡು, "ಪರವಾಗಿಲ್ಲ" ಎಂದಿದ್ದ. ಅವತ್ತೆಲ್ಲ ಅವನ ಮುಖ ಎಷ್ಟು ತಿಳಿಯಾಗಿತ್ತು! ಒಂದು ದಿನ ಆ ಪೀಡೆ ಇಲ್ಲದಿದ್ದರೆ ಇಷ್ಟು ನೆಮ್ಮದಿ. ಪೂರ್ತಿ ತೊಲಗಿದರೆ ತಮ್ಮನ ನೆನಪಾದರೂ ಬಂದೀತು.

ಅವಳು 'ಬ್ಲಾಕ್' ಒತ್ತಿದಳು. ಇನ್ನು ಅವನು ಬರೆದದ್ದು ಇವನಿಗೆ ಕಾಣದು, ಇವನದು ಅವನಿಗೆ ಕಾಣದು. ಹೇಗೆ ಮಾಡುವುದೆಂದು ಹೇಳಿಕೊಟ್ಟವಳು ನಿಸರ್ಗಾ. "ಲೆಟ್ ಹಿಮ್ ಬಿ, ಅಮ್ಮ" ಎಂದು ಗೊಣಗುತ್ತಲೇ.

ಗುರುವಾರ ಚೆಲುವರಾಜು ಬ್ಯಾಟರಿಯ ಬಗ್ಗೆ ಉದ್ದಕ್ಕೆ ಬರೆದ. ಬೇರೆ ನಾಲ್ವರು ಕೆಣಕಿದರು. ಅವರಿಗೆ ಉತ್ತರ ಕೊಡಲಿಲ್ಲ.

ಶುಕ್ರವಾರ, 'ಮಡಚುವ ಫೋನು ಒಳ್ಳೆಯದೇ ಇರಬಹುದು' ಎಂದು ಬರೆದ. ಎರಡು ವರ್ಷದಲ್ಲಿ ಅವನು ಸೋತದ್ದು ಅದೇ ಮೊದಲು. ಬರೆದವನು ಪರದೆಯನ್ನೇ ನೋಡುತ್ತ ಕೂತ, ಗಾಳ ಬಿಟ್ಟು ಕೂತವನ ಹಾಗೆ.

ಶನಿವಾರ ತಟ್ಟೆಯಲ್ಲಿ ಮುದ್ದೆ ಅರ್ಧಕ್ಕೇ ಉಳಿಯಿತು.

"ಜ್ವರಗಿರ ಬಂದಿರಬೇಕು" ಎಂದ.

"ಯಾರಿಗೆ?"

"ಗೂಳಿಗೆ."

"ಬಂದ್ರೆ ದನದ ಡಾಕ್ಟ್ರು ನೋಡ್ಕೋತಾರೆ ಬಿಡಿ. ನಿಮಗ್ಯಾಕೆ?"

ಅವನು ಎದ್ದು ಕೈ ತೊಳೆದು, ಹಿತ್ತಲಿಗೆ ಹೋಗಿ ಅವರೆ ಬಳ್ಳಿಯ ಮುಂದೆ ಸುಮ್ಮನೆ ನಿಂತುಕೊಂಡ. ಬೆನ್ನು ಇಷ್ಟು ಬಾಗಿದ್ದನ್ನು ಅವಳು ನೋಡಿರಲಿಲ್ಲ. ಪೀಡೆ ತೊಲಗಿದರೆ ಗಂಡ ಚಿಗುರುತ್ತಾನೆಂದುಕೊಂಡಿದ್ದಳು. ಇವನೋ ಬೇರು ಕಿತ್ತ ಗಿಡದಂತೆ ಬಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಕೀ ಹುಡುಕತೊಡಗಿದ.

"ಎಲ್ಲಿಗ್ರೀ?"

"ಇಲ್ಲೇ. ಒಂದು ಸುತ್ತು ಹೋಗ್ಬರ್ತೀನಿ."

"ಮದುವೆ ಕಾರ್ಡು ಕೊಡೋಕೆ ಬನ್ನಿ ಅಂದ್ರೆ ಭುಜ ನೋವು. ಸುತ್ತು ಹೊಡೆಯೋಕೆ ನೋವಿಲ್ಲ, ಅಲ್ವಾ?"

ಅವನು ಕೋಣೆಗೆ ಹೋದ. ಒಳಗೆ ಡ್ರಾಯರು ಎಳೆಯುವ, ತಳ್ಳುವ ಸದ್ದು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಮಾಡಿದ್ದನ್ನು ಹೇಳಿಬಿಡೋಣ ಎಂದು ನಿರುಪಮಾ ಹೆಜ್ಜೆ ಇಡುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಮೆಟ್ಟಿಲ ಮೇಲೆ ವೆಂಕಟೇಶ ನಿಂತಿದ್ದ. ಮೂರು ವರ್ಷದಲ್ಲಿ ಕೂದಲು ತೆಳುವಾಗಿತ್ತು. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಹಿಂದೆ ಕಾರಿನ ಬಾಗಿಲು ತೆರೆದೇ ಇತ್ತು. ಅವನು ಅವಳ ಭುಜದ ಮೇಲಿಂದ ಒಳಗೆ ಕಣ್ಣಾಡಿಸಿದ.

"ಅಣ್ಣ ಹುಷಾರಾಗವ್ನಾ ಅತ್ತಿಗೆ? ಬುಧವಾರದಿಂದ ನನ್ನ ಒಂದು ಮಾತೂ ಬೈದಿಲ್ಲ."