ಗೂಡು ಕಟ್ಟದ ಹುಳು

ಮೇವು ಬಿಟ್ಟು ಹಣ್ಣಾದ ರೇಷ್ಮೆ ಹುಳುಗಳನ್ನು, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಟ್ಟು ಎರಡು ದಿನವಾದರೂ ಒಂದೂ ಗೂಡು ಕಟ್ಟಲಿಲ್ಲ.

"ಮುಟ್ಟಾದವಳು ನನ್ನ ಕಣ್ಣು ತಪ್ಪಿಸಿ ಹುಳುಮನೆಗೆ ಕಾಲಿಟ್ಟಿದೀಯ. ಅದಕ್ಕೇ ಇವುಗಳ ಹೊಟ್ಟೇಲಿ ರೇಷ್ಮೇನೇ ಹುಟ್ಟಿಲ್ಲ!" ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಸೊಸೆ ನಾಗವೇಣಿಗೆ ಮೈಯೆಲ್ಲ ಉರಿಯಿತು. ಒಂದು ಹುಳುವನ್ನು ತೆಗೆದು ಬ್ಲೇಡಿನಿಂದ ಸೀಳಿದಳು. ಒಳಗೆ ಎರಡು ಉದ್ದನೆಯ ಚೀಲಗಳು ಹಳದಿ ರೇಷ್ಮೆಯಂಟು ತುಂಬಿ ಬಿರಿಯುವಂತಿದ್ದವು.

"ನೋಡಿ. ಈ ಚೀಲದ ಒಂದೊಂದು ಜೀವಕೋಶಾನೂ ರೇಷ್ಮೆ ಮಾಡಿ ಒಳಗೆ ಸುರಿದಿದೆ. ಹುಳಕ್ಕೆ ಅದನ್ನ ಬಾಯಿಂದ ಹೊರಗೆ ಬಿಡೋಕಾಗ್ತಿಲ್ಲ, ಅಷ್ಟೇ. ಕೀಟಕ್ಕೆ ಹೊಡೆಯೋ ಔಷಧಿ ಬಿದ್ದ ಹಿಪ್ಪುನೇರಳೆ ಸೊಪ್ಪು ತಿಂದ್ರೆ ಹಿಂಗಾಗುತ್ತೆ ಅಂತ ತರಬೇತೀಲಿ ಹೇಳಿದ್ರು. ಪಕ್ಕದೋರ ಟೊಮೆಟೊ ತೋಟದ ಬೇಲಿ ಹತ್ರದ ಸೊಪ್ಪು ಕುಯ್ಯಬಾರದಿತ್ತು."

"ಸೊಪ್ಪಿನ ಮೇಲೆ ಹಾಕಬೇಡ. ಮುಟ್ಟಾದ ಮೂರು ದಿನ ಒಳಗೆ ಹೋಗಿದ್ಯೋ ಇಲ್ವೋ, ದೇವರಾಣೆ ಇಟ್ಟು ಹೇಳು!"

ನಾಗವೇಣಿ ಬ್ಲೇಡನ್ನು ಸೆರಗಿಗೆ ಒರೆಸಿ ಕೆಳಗಿಟ್ಟಳು.

"ಹೋದ ಎಂಟು ಬೆಳೇಲೂ ಹೋಗಿದ್ದೆ ಅತ್ತೆ, ಊರೋರಿಗೆಲ್ಲ ನೀವು ತೋರಿಸಿದ ಗೂಡೆಲ್ಲ ಹಂಗೇ ಬೆಳೆದಿದ್ದು. ನಿಮ್ಮ ಮಾತು ಕೇಳಿ ಹೊರಗೆ ಕೂತಿದ್ದು ಈ ಸಲ ಮಾತ್ರ, ಆ ಮೂರು ದಿನ ಸೊಪ್ಪು ಕುಯ್ದು ಹಾಕಿದೋರು ನೀವೇ."