ಹಂಗೇರಿಯ ಪಾಠ

"ಈ ಪುಸ್ತಕ ಯಾರದ್ರಿ?" ಎಂದು ಶಾಲಾ ಇನ್‌ಸ್ಪೆಕ್ಟರು ಕೇಳಿದಾಗ, ಇತಿಹಾಸದ ಮೇಷ್ಟ್ರು ಮುದ್ದಪ್ಪ ಹೆಡ್‌ಮಾಸ್ಟರ್ ಬೊಮ್ಮಯ್ಯನವರ ಕಡೆ ನೋಡಿದರು. ಉಪ್ಪಿನ ಸತ್ಯಾಗ್ರಹದ ಮರುವರ್ಷ ಅದು. ರಾಜ ಕೊಟ್ಟ ಮಾತಿಗೆ ತಪ್ಪಿದರೆ ಅವನನ್ನು ಎದುರಿಸುವುದು ದ್ರೋಹವಲ್ಲ ಎಂದು ಏಳುನೂರು ವರ್ಷದ ಹಿಂದೆ ಹಂಗೇರಿಯ ಸರದಾರರು ರಾಜನಿಂದಲೇ ಬರೆಸಿಕೊಂಡಿದ್ದರು. ಆ ಸಂಗತಿಯನ್ನು ಮುದ್ದಪ್ಪ ಆಗಷ್ಟೇ ತರಗತಿಯಲ್ಲಿ ಆ ಪುಸ್ತಕದಿಂದ ಓದಿ ಹೇಳಿದ್ದರು.

ಪುಸ್ತಕ ಬೊಮ್ಮಯ್ಯನವರದು. "ಇದನ್ನ ಹುಡುಗರಿಗೆ ಹೇಳಲೇಬೇಕ್ರಿ" ಎಂದು ಮೊನ್ನೆ ತಾವೇ ಕೈಗಿತ್ತಿದ್ದರು. ಈಗ ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದರು.

"ನಂದೇ ರೀ," ಎಂದರು ಮುದ್ದಪ್ಪ. "ನಾನೇ ಹುಡುಕಿ ತಂದದ್ದು."

"ಪಠ್ಯದಾಗ ಇಲ್ಲದ್ದನ್ನ ಯಾಕ ಹೇಳಬೇಕಿತ್ತು? ನಾಳಿಂದ ಸಾಲಿಗೆ ಬರಬ್ಯಾಡ್ರಿ," ಎಂದು ಇನ್‌ಸ್ಪೆಕ್ಟರು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಶಾಲೆ ಬಿಟ್ಟಿತು. ಹನ್ನೆರಡು ವರ್ಷಗಳಿಂದ ಸಂಜೆ ಇಬ್ಬರೂ ಮಾತಾಡುತ್ತ ಜೊತೆಯಲ್ಲೇ ಮನೆಗೆ ನಡೆಯುತ್ತಿದ್ದರು. ಮುದ್ದಪ್ಪ ಬೊಮ್ಮಯ್ಯನವರ ಕೋಣೆಯ ಬಾಗಿಲಲ್ಲಿ ನಿಂತು, "ಬರ್ರಿ, ಹೋಗೋಣ," ಎಂದರು.

"ನೀವು ಮುಂದ ನಡೀರಿ," ಎಂದರು ಬೊಮ್ಮಯ್ಯ, ತಲೆ ಎತ್ತದೆ. "ಇಬ್ರನ್ನೂ ಕೂಡೆ ಯಾರಾದ್ರೂ ನೋಡಿದ್ರ ಚಂದಲ್ಲ."